ನಾನು ನಿಧಾನವಾಗಿ ಎಣಿಸಿದ ಎರಡು

ಆ ಭಾನುವಾರ ಬೆಳಿಗ್ಗೆ ತಮ್ಮನ ತಕರಾರು ಇದ್ದದ್ದು ನಾನು ಕಾರಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದುದರ ಬಗ್ಗೆ.

"ಅಕ್ಕಾ, ಬಾಯಾಗ ಅವಲಕ್ಕಿ ಇಟ್ಕೊಂಡು ಎಣಿಸಾಕ ಬರತೈತೇನು? ಗಿರಾಕಿ ಕಾರ್ ಐತಿ, ಚೆಲ್ಲಬ್ಯಾಡ."

"ರಜಾ ದಿನಾನೂ ಎಬ್ಬಿಸಿ ಕರ್ಕೊಂಡು ಬಂದೀದಿ. ಹೊಟ್ಟಿಗೂ ಬ್ಯಾಡೇನು?"

ಅವನು ನಕ್ಕು ಕಿಟಕಿಯ ಗಾಜು ಏರಿಸಿದ. ಗಾಳಿಯ ಸದ್ದಿದ್ದರೆ ನನ್ನ ಎಣಿಕೆ ಅವನಿಗೆ ಕೇಳುತ್ತಿರಲಿಲ್ಲ.

ಉಪ್ಪಲ್ ದಾಟಿದ ಮೇಲೆ ಹೊಸ ಬಡಾವಣೆಗಾಗಿ ಹಾಕಿದ ಒಂದು ನೇರ ರಸ್ತೆ ಇತ್ತು. ಮನೆಗಳು ಬಂದಿರಲಿಲ್ಲ, ಪ್ಲಾಟುಗಳ ಕಲ್ಲು ಮಾತ್ರ ನೆಟ್ಟಿದ್ದರು. ಸಾಫ್ಟ್‌ವೇರ್ ಕಂಪನಿಗಳು ಬಂದಮೇಲೆ ಹೈದರಾಬಾದಿನ ಸುತ್ತ ಇಂಥ ರಸ್ತೆಗಳು ಬಹಳ ಆದವು. ತಮ್ಮನ ಗ್ಯಾರೇಜಿಗೆ ಗಿರಾಕಿಗಳು ಬರುತ್ತಿದ್ದುದೂ ಆ ಕಂಪನಿಗಳಿಂದಲೇ. ಹೊಸ ಕಾರು ತಂದು ಆರು ತಿಂಗಳಾಗುವುದರೊಳಗೆ ಅದರ ಜೋರು ಸಾಲದು ಅನ್ನುತ್ತಿದ್ದರು.

ಈ ಕಾರಿನವನೂ ಅಂಥವನೇ. ಎಂಜಿನ್ನಿಗೆ ಗಾಳಿ ಒತ್ತಿ ಜೋರು ಹೆಚ್ಚಿಸುವ ದೊಡ್ಡ ಟರ್ಬೊ ಹಾಕಿಸಿಕೊಂಡಿದ್ದ. ಹಾಕಿದ ಮೇಲೆ ಜೋರು ಬಂತು, ಆದರೆ ತಡವಾಗಿ. ಆಕ್ಸಿಲೇಟರ್ ಪೂರ್ತಿ ಒತ್ತಿದರೂ ಕಾರು ಸ್ವಲ್ಪ ಹೊತ್ತು ಸುಮ್ಮನೆ ಇದ್ದು, ಆಮೇಲೆ ಒಮ್ಮೆಲೇ ಮುಂದಕ್ಕೆ ಎಳೆಯುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ತಮ್ಮ ಹೇಳಿದ್ದ:

"ನೀ ಬೋರಿಂಗ್ ಹೊಡೀತೀಯಲ್ಲ, ಮೊದಲ ನಾಕು ಸಲ ಬರೇ ಗಾಳಿ, ನೀರು ಆಮ್ಯಾಲ. ಇದೂ ಹಂಗ. ಎಂಜಿನ್ನಿನ ಹೊಗಿ ಹೋಗಿ ಒಳಗಿನ ಚಕ್ರ ತಿರುಗಿಸಬೇಕು, ಚಕ್ರ ತಿರುಗಿ ಗಾಳಿ ಒತ್ತಬೇಕು. ದೊಡ್ಡ ಚಕ್ರ ಅಂದ್ರ ತಡಾ ಜಾಸ್ತಿ."

ಆ ತಡ ಕಡಿಮೆ ಮಾಡುವುದಕ್ಕೆ ಅವನು ಮೂರು ತಿಂಗಳು ಒದ್ದಾಡಿದ. ಸೋರುತ್ತಿದ್ದ ರಬ್ಬರ್ ಪೈಪು ಬದಲಿಸಿದ. ಗಾಳಿ ಹೋಗುವ ದಾರಿಯನ್ನು ಗಿಡ್ಡ ಮಾಡಿದ. ಹೊಗೆಯ ಬಿಸಿ ಹೊರಗೆ ಹೋಗದಂತೆ ಪೈಪಿಗೆ ಬೆಂಕಿ ತಡೆಯುವ ಗಾಜುನಾರಿನ ಪಟ್ಟಿ ಸುತ್ತಿದ. ಆ ಪಟ್ಟಿ ಸುತ್ತಿದ ದಿನ ಅವನ ಮುಂಗೈ ತುರಿಸಿ ತುರಿಸಿ ಕೆಂಪಾಗಿತ್ತು, ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು.

ಪ್ರತಿ ಕೆಲಸವಾದ ಮೇಲೆ ಅಳೆಯುವುದು ನಮ್ಮಿಬ್ಬರ ಕೆಲಸ. ಅದೇ ರಸ್ತೆ, ಅದೇ ಗೇರು, ಅದೇ ವೇಗ. ಅವನು ಒತ್ತಿ "ಹೂಂ" ಅನ್ನುತ್ತಿದ್ದ, ನಾನು ಎಣಿಸುತ್ತಿದ್ದೆ. ಬೆನ್ನಿಗೆ ಸೀಟು ಒತ್ತಿದಾಗ ಅವನು "ಬಂತು" ಅನ್ನುತ್ತಿದ್ದ. ಮೊದಲ ಸಲ ಐದು ಬಂದಿತ್ತು, ಆಮೇಲೆ ನಾಲ್ಕು. ಎರಡಾಗಬೇಕು ಎಂದು ಗಿರಾಕಿಯ ಹಟ. ಮೂರಾದರೆ ಆಫೀಸಿನವರು ನಗುತ್ತಾರಂತೆ.

ನಾನು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಗುಳಿಗೆಯ ಹತ್ತು ಪಟ್ಟಿಗೆ ಒಂದು ಡಬ್ಬಿ, ದಿನವಿಡೀ ಎಣಿಸುವುದೇ. ನನ್ನ ಎಣಿಕೆ ಹಿಂದೆಮುಂದೆ ಆಗುವುದಿಲ್ಲ.

"ಗಡಿಯಾರ ಇಟ್ಕೋಬಾರದೇನೋ?" ಎಂದು ಒಮ್ಮೆ ಕೇಳಿದ್ದೆ.

"ಗಡಿಯಾರ ನೋಡ್ಲೋ, ದಾರಿ ನೋಡ್ಲೋ? ನೀ ಅದೀಯಲ್ಲ."

"ನಿನ್ನ ಮೈಗೇ ಗೊತ್ತಾಗಂಗಿಲ್ಲೇನು?"

"ಮೈ ನಂಬಾಕ ಬರಂಗಿಲ್ಲಕ್ಕ. ಮಾಡಿದವಗ ಯಾವಾಗಲೂ ಲಗೂ ಬಂದಂಗ ಅನಿಸ್ತೈತಿ. ಅದಕ್ಕ ನಿನ್ನ ಕರ್ಕೊಂಡು ಬರೋದು."

ಆ ಭಾನುವಾರ ಆರು ಸಲ ಓಡಿಸಿದೆವು. ಆರು ಸಲವೂ ಮೂರು. ಪ್ರತಿ ಸಲ ಅವನು ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಏನೋ ಬಿಗಿ ಮಾಡಿ ಬರುತ್ತಿದ್ದ. ಬಿಸಿಲು ಏರಿತು. ನಾನು ಕೋಠಿ ಪೇಟೆಗೆ ಹೋಗಿ ಅವ್ವನ ಗುಳಿಗೆ ತರಬೇಕಿತ್ತು. "ಇದೊಂದು ಸಲ, ಅಕ್ಕಾ" ಅಂದ.

ಏಳನೆಯ ಸಲ ನಾನು ನಿಧಾನವಾಗಿ ಎಣಿಸಿದೆ. ಒಂದು ಎಂದೆ. ಉಸಿರು ಎಳೆದುಕೊಂಡೆ. ಎರಡು ಎಂದೆ. ಅವನು "ಬಂತು" ಎಂದ.

ಅವನಿಗೆ ಖುಷಿಯಾಗಲಿ ಎಂದು ಹಾಗೆ ಮಾಡಿದೆನೋ, ಕೋಠಿಗೆ ಹೋಗುವ ಆತುರಕ್ಕೋ, ಈಗ ಬಿಡಿಸಿ ಹೇಳಲಾರೆ. ಅವನು ಕಾರು ನಿಲ್ಲಿಸಿ ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ನಕ್ಕ. "ಎರಡು! ಖರೇನ?" ಎಂದು ಕೇಳಿದ. ಖರೇ ಎಂದೆ. ಡಬ್ಬಿಯಲ್ಲಿ ಉಳಿದಿದ್ದ ಅವಲಕ್ಕಿಯನ್ನು ಅವನೇ ತಿಂದ. ಸೀಟಿನ ಮೇಲೆ ಚೆಲ್ಲಿದ್ದೂ ಅವನೇ.

ಮರುದಿನ ಮಧ್ಯಾಹ್ನ ಸೂಪರ್‌ವೈಸರ್ ನನ್ನ ಹಿಂದೆ ಬಂದು ನಿಂತು, ಮನೆಯಿಂದ ಫೋನ್ ಬಂದಿದೆ, ತಮ್ಮನಿಗೆ ಅಪಘಾತವಾಗಿದೆ, ಉಳಿದಿಲ್ಲವಂತೆ ಎಂದರು. ನನ್ನ ಕೈಯಲ್ಲಿದ್ದ ಡಬ್ಬಿಗೆ ಏಳು ಪಟ್ಟಿ ಆಗಿದ್ದವು. ನಾನು ಎಂಟು, ಒಂಬತ್ತು, ಹತ್ತು ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಎದ್ದೆ. ಬಸ್ಸು ಹತ್ತಿದ ಮೇಲೂ ತಲೆಯ ಮೇಲೆ ಕಾರ್ಖಾನೆಯ ಟೊಪ್ಪಿ ಹಾಗೇ ಇತ್ತು. ಯಾರೋ ಹೆಂಗಸು ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಅಷ್ಟು ನೆನಪಿದೆ, ಅಳು ನೆನಪಿಲ್ಲ.

ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ತೋರಿಸಲು ಹೋಗಿದ್ದನಂತೆ. ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ತೆಗೆದಾಗ ಎದುರಿನಿಂದ ಇನ್ನೊಂದು ಲಾರಿ ಬಂತು. ಎಲ್ಲರೂ ಹೇಳಿದ್ದು ಇಷ್ಟೇ.

ಹನ್ನೊಂದನೆಯ ದಿನ ಆ ಗಿರಾಕಿ ಮನೆಗೆ ಬಂದ. ಕೈಗೆ ಪ್ಲಾಸ್ಟರ್ ಹಾಕಿ ಕೊರಳಿಗೆ ತೂಗಿಸಿದ್ದರು. ತಮ್ಮನಿಗಿಂತ ಚಿಕ್ಕವನು. ಅವ್ವನ ಕಾಲು ಮುಟ್ಟಿದ. ಹೋಗುವಾಗ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ನನ್ನನ್ನು ಕೇಳಿದ:

"ಅಕ್ಕಾ, ನಿಮ್ಮ ಭಾಷೆಯಲ್ಲಿ 'ಒಂದು, ಎರಡು' ಅಂದರೆ ಏನು? ಕಾರು ಲಾರಿಯ ಪಕ್ಕಕ್ಕೆ ಬಂದಾಗ ಅವನು ಗಟ್ಟಿಯಾಗಿ ಆ ಎರಡು ಮಾತು ಹೇಳಿದ. ಆಮೇಲೆ ನನ್ನ ಕಡೆ ನೋಡಿದ. ದೇವರ ಹೆಸರಾ?"

ಅಂಕಿ ಎಂದೆ.

ಅವ್ವನಿಗೆ ಹಿಂದಿ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ಆ ಎರಡು ಮಾತು ತಿಳಿಯಿತು. ಅವನು ಹೋದ ಮೇಲೆ ಕೇಳಿದಳು:

"ಏನ ಎಣಿಸಾಕತ್ತಿದ್ದ ನನ್ನ ಮಗ?"

"ಗೊತ್ತಿಲ್ಲವ್ವ" ಎಂದೆ.

ಅವ್ವ ಆಮೇಲೂ ಎರಡು ಮೂರು ಸಲ ಕೇಳಿದಳು, ಈಗ ಕೇಳುವುದಿಲ್ಲ. ನಾನು ಅದೇ ಕಾರ್ಖಾನೆಯಲ್ಲಿ ಅದೇ ಪಟ್ಟಿಗಳನ್ನು ಎಣಿಸುತ್ತೇನೆ. ತಪ್ಪುವುದಿಲ್ಲ. ಆ ಏಳನೆಯ ಸಲವೂ ಬಂದದ್ದು ಮೂರೇ. ಅದನ್ನು ಅವನಿಗೆ ಹೇಳಲಿಲ್ಲ, ಅವ್ವನಿಗೆ ಇನ್ನೂ ಹೇಳಿಲ್ಲ.