ಅಜ್ಜಿಯ ಹಣೆಯ ಹುಳುಕಡ್ಡಿ

ನಾನು ಚೇಳೂರಿನ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದಾಗಿನ ಮಾತು. ಚರ್ಮ ಕೆರೆದು ಪರೀಕ್ಷಿಸಲು ಅಲ್ಲಿ ಮೈಕ್ರೋಸ್ಕೋಪು ಇರಲಿಲ್ಲ. ಇದ್ದದ್ದು ನನ್ನ ಕಣ್ಣು ಮತ್ತು ನನ್ನ ಸಿಟ್ಟು. ಒಬ್ಬ ಅಜ್ಜಿಯ ಹಣೆಯ ಮೇಲಿನ ಹುಳುಕಡ್ಡಿ ಮುಲಾಮು ಹಚ್ಚಿದರೆ ಮಾಯವಾಗಿ, ತಿಂಗಳೊಳಗೆ ಮತ್ತೆ ಬರುತ್ತಿತ್ತು. ಟವೆಲ್ ಒಗೆಯುವುದಿಲ್ಲ, ಮೇಲೆ ಒಗೆದೆ ಎಂದು ಸುಳ್ಳು ಬೇರೆ ಹೇಳುತ್ತಾಳೆ ಎಂದು ಪ್ರತಿ ಸಲವೂ ಬೈಯುತ್ತಿದ್ದೆ.

ಕೊನೆಗೆ, "ಮನೇಲಿ ಯಾರಿಂದ್ಲೋ ಅಂಟ್ತಾ ಇದೆ ಅಜ್ಜಿ, ಇರೋರ್ನೆಲ್ಲ ಕರ್ಕೊಂಡು ಬಾ" ಎಂದೆ.

"ಇರೋದೇ ನಾವಿಬ್ರು" ಎಂದು ಹೋದಳು.

ಮರುದಿನ ರೋಗಿಗಳ ಸಾಲಿನಲ್ಲಿ ಅಜ್ಜಿಯ ಹಿಂದೆ ಒಂದು ಹಸು ನಿಂತಿತ್ತು. ಚೀಟಿ ಬರೆಯುವ ಸಿಸ್ಟರ್ ಅದರ ವಯಸ್ಸನ್ನೂ ಕೇಳಿ ಬರೆದುಕೊಂಡಿದ್ದರು. ಕೂಗಾಡುತ್ತಾ ಹೊರಗೆ ಬಂದವನಿಗೆ ಹಸುವಿನ ಪಕ್ಕೆಯ ಮೇಲೆ ಬೂದುಬಣ್ಣದ ದುಂಡನೆಯ ಕಲೆಗಳು ಕಂಡವು. ಹಾಲು ಹೇಗೆ ಕರೆಯುತ್ತೀಯ ಎಂದು ಕೇಳಿದೆ. ಅಜ್ಜಿ ಕುಕ್ಕರಗಾಲಲ್ಲಿ ಕೂತು, ಹಸುವಿನ ಪಕ್ಕೆಗೆ ಹಣೆ ಆನಿಸಿ ತೋರಿಸಿದಳು. ಹಣೆ ನೇರವಾಗಿ ಕಲೆಯ ಮೇಲೆ ಕೂತಿತು.

"ಇದನ್ನ ದನದ ಡಾಕ್ಟರಿಗೆ ತೋರಿಸು" ಎಂದು ಮೆತ್ತಗೆ ಹೇಳಿದೆ.

ಅಜ್ಜಿ ಕದಲಲಿಲ್ಲ. "ತೋರಿಸ್ತೀನಿ ಬುಡಿ ಸಾ. ಮೊದ್ಲು ನನ್ಗೆ ಬೈದಂಗೆ ಇವಳ್ಗೂ ಒಸಿ ಬೈರಿ."