ಹಳದಿ ವಿಮಾನದ ಸುದ್ದಿ ಹೊನವಾಡಕ್ಕೆ

ಯುದ್ಧ ಮುಗಿದ ಮರುವರ್ಷ, ಸುಗ್ಗಿಯ ದಿನಗಳಲ್ಲಿ, ಬೆಳಗಿನ ರೈಲಿನಿಂದ ವಿಜಾಪುರದಲ್ಲಿ ಇಳಿದೆ. ಗೋಳಗುಮ್ಮಟ ದೂರದಿಂದಲೇ ಕಾಣುತ್ತಿತ್ತು, ನೋಡಲು ಹೋಗಲಿಲ್ಲ. ಆರಾಣೆ ಕೊಟ್ಟು ಟಿಕೋಟಾದ ಮೋಟಾರು ಹತ್ತಿದೆ. ಹನ್ನೆರಡು ಮೈಲಿ ದಾರಿ. ಎರಡೂ ಕಡೆ ಕೊಯ್ದ ಜೋಳದ ಹೊಲ, ಮೈತುಂಬ ಧೂಳು. ನಾನು ಮುಟ್ಟಬೇಕಾದದ್ದು ಹೊನವಾಡವನ್ನು, ಮೂರು ವರ್ಷದ ಹಿಂದೆ ತೀರಿಕೊಂಡ ಮಲ್ಲಪ್ಪನ ಮನೆಯನ್ನು.

ಯುದ್ಧದ ಕಾಲದಲ್ಲಿ ನಾನು ಪೈಲಟ್ ತರಬೇತಿಯ ಮೈದಾನವೊಂದರಲ್ಲಿ ಫಿಟ್ಟರ್ ಆಗಿದ್ದೆ. ನನ್ನ ಪಾಲಿಗೆ ಒಂದು ಹಳದಿ ವಿಮಾನವಿತ್ತು: ಮೇಲೊಂದು ಕೆಳಗೊಂದು ಬಟ್ಟೆ ಹೊದಿಸಿದ ರೆಕ್ಕೆ, ಒಂದರ ಹಿಂದೊಂದು ಎರಡು ಕುರ್ಚಿ. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದದ್ದನ್ನು ನಾವೇ ಜೋಡಿಸಿದ್ದೆವು. ಕಲಿಯುವವರು ದಡಬಡ ಇಳಿಸಿ ಗಾಲಿ ಮುರಿದಾಗಲೆಲ್ಲ ಹೊಸದು ಹಾಕಿದ್ದೆವು. ಒಮ್ಮೆ ಎಂಜಿನ್ನನ್ನೇ ಬದಲಿಸಿದ್ದೆವು. ವಿಜಾಪುರದಲ್ಲಿ ಓದಿ ಪೈಲಟ್ ಆಗಲು ಬಂದಿದ್ದ ಮಲ್ಲಪ್ಪ ಅದರಲ್ಲಿ ಒಬ್ಬನೇ ಹಾರಿದ ಬೆಳಿಗ್ಗೆ, ಏರುತ್ತಿರುವಾಗಲೇ ಎಂಜಿನ್ ನಿಂತು ವಿಮಾನ ಬಿತ್ತು. ಕಲಿಯುವವನದೇ ತಪ್ಪೆಂದು ವರದಿಯಾಯಿತು.

ಟಿಕೋಟಾದಲ್ಲಿ, ಹೊನವಾಡಕ್ಕೆ ಹೊರಟಿದ್ದ ಬಬಲೇಶ್ವರದ ರೈತನೊಬ್ಬನ ಚಕ್ಕಡಿ ಸಿಕ್ಕಿತು. ಯಾರ ಮನೆಗೆಂದು ಕೇಳಿದ, ಹೇಳಿದೆ.

"ಇಮಾನ ಕೆಡವಿದ ಹುಡುಗನ ಮನೀಗೇನ್ರಿ?" ಎಂದ.

ಮಲ್ಲಪ್ಪನಿದ್ದ ಮೈದಾನದಿಂದ ಬಂದಿದ್ದೇನೆ ಎಂದಾಗ ಅವನ ತಂದೆ ಸಂಗಪ್ಪನವರು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಮಲ್ಲಪ್ಪನ ಅಕ್ಕ ಗಂಗವ್ವ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ತಂದಿಟ್ಟಳು. ಹೇಳದೆ ಉಣ್ಣುವುದು ನನ್ನಿಂದಾಗಲಿಲ್ಲ.

"ಪೆಟ್ರೋಲ್ ನಳಿಗಿ ಸೀಳಿತ್ರಿ. ಹೊಸಾದು ಬಂದಿದ್ದಿಲ್ಲ. ವಿಮಾನ ನಿಲ್ಲಿಸಬ್ಯಾಡ ಅಂದ್ರು ಮ್ಯಾಲಿನವರು. ನಾ ಪಟ್ಟಿ ಸುತ್ತಿ, ಹಾರಾಕ ಅಡ್ಡಿ ಇಲ್ಲಂತ ಸಹಿ ಮಾಡಿದೆ. ನಿಮ್ಮ ಮಗಂದು ತಪ್ಪಿಲ್ರಿ. ನಂದು."

"ಮತ್ತ ಈಗ್ಯಾಕ ಬಂದೀರಿ?" ಸಂಗಪ್ಪನವರು ಕೇಳಿದರು.

"ಆಗ ನೌಕರಿ ಹೋಗತೈತಿ ಅಂತ ಅಂಜಿದ್ನಿರಿ."

"ಆ ಇಮಾನ ಏನಾತು?" ಎಂದರು.

"ರಿಪೇರಿ ಮಾಡಿದಿವ್ರಿ. ಹೊಸಾ ರೆಕ್ಕಿ, ಹೊಸಾ ನಳಿಗಿ ಹಾಕಿದಿವಿ. ಯುದ್ಧ ಮುಗಿಯೂತನಕ ಹಾರಿತು. ಭಾಳ ಮಂದಿ ಅದರಾಗ ಕಲತ್ರು. ಕಡೀಕ ಹಳೇ ಕಬ್ಬಿಣ ಕೊಳ್ಳೂ ಮೋಡಕಾದವ್ರಿಗೆ ಮಾರಿದ್ರು."

"ನನ್ನ ಮಗಾ ಸತ್ತ ಮ್ಯಾಲೆ ನಳಿಗಿ ಬಂತೇನು?"

ಹೌದೆಂದೆ. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಸಂಗಪ್ಪನವರು ಎದ್ದು ರುಮಾಲು ಸುತ್ತಿಕೊಂಡರು. "ಏಳ್ರಿ. ಇದನ್ನ ಚಾವಡಿ ಮುಂದ ಬಂದು ಹೇಳ್ರಿ."

ಹೋದೆ. ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ಸಹಿ ಮಾಡಿದ್ದನ್ನೂ ಅಂಜಿದ್ದನ್ನೂ ಮತ್ತೊಮ್ಮೆ ಹೇಳಿದೆ. ಯಾರೂ ಬೈಯಲಿಲ್ಲ, ಸಂಗಪ್ಪನವರು ಕ್ಷಮಿಸಿದೆ ಎನ್ನಲೂ ಇಲ್ಲ.

ಹೊತ್ತು ಇಳಿಯುವ ಮೊದಲು ಅದೇ ಚಕ್ಕಡಿಯಲ್ಲಿ ಹೊರಟೆ. ಊರಗಸಿಯ ಬಾಗಿಲಲ್ಲಿ ಗಂಗವ್ವ ಬಂದು ರೊಟ್ಟಿಯ ಗಂಟು ಕೊಟ್ಟಳು. "ಅಪ್ಪ ಕೊಡು ಅಂದಿಲ್ರಿ. ನಾನ ತಂದೀನಿ," ಎಂದಳು.

ತಿರುಗಿ ನೋಡಿದೆ. ಸಂಗಪ್ಪನವರು ಇನ್ನೂ ಚಾವಡಿಯ ಕಟ್ಟೆಯ ಮೇಲೆಯೇ ಕುಳಿತಿದ್ದರು. ಸುತ್ತಲಿನವರು ಏನೋ ಕೇಳುತ್ತಿದ್ದರು. ಅವರು ಅಂಗೈಯನ್ನು ಓರೆಯಾಗಿ ಮೇಲಕ್ಕೆತ್ತಿ, ಮಗ ವಿಮಾನವನ್ನು ಹೇಗೆ ಏರಿಸುತ್ತಿದ್ದನೆಂದು ತೋರಿಸುತ್ತಿದ್ದರು.