ಬೀಗರೂಟದ ದಿನ ಟಾರ್ಪಾಲು ತಪಾಸಣೆ

ಮಾರ್ಗಶಿರದ ಮೊದಲ ಬುಧವಾರ, ಬೆಳಿಗ್ಗೆ ಏಳೂಕಾಲು. ಜಗಲಿಯಲ್ಲಿ ಇದ್ದವರು ಇಬ್ಬರು: ನಾನು ಮತ್ತು ಪಕ್ಕದ ಮನೆಯ, ತಂಗಿಯಂಥ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆಯನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದ ನನಗೆ ಅವಳ ಅರ್ಜಿಗಳನ್ನು ಬರೆಯುವ ಕೆಲಸ.

“ಕೆಟ್ಟೋಯ್ತು ಕಣಕ್ಕೋ! ಅನ್ನೊಂದು ಗಂಟೆಗೆ ಕೃಷಿ ಆಫೀಸ್ನೋರು ಬತ್ತಾರಂತೆ. ಟಾರ್ಪಾಲು ತೋರಿಸ್ಬೇಕಂತೆ.”

ವಿಷಯ ಇಷ್ಟು. ಬೇಸಿಗೆಯಲ್ಲಿ ಶುಂಠಿಗೆ ನೀರು ಕೊಡಲು ಅವಳು ಸಹಾಯಧನದ ತುಂತುರು ಪೈಪುಗಳಿಗೆ ಅರ್ಜಿ ಹಾಕಿದ್ದಳು. ಹೋದ ವರ್ಷ ಸಹಾಯಧನದಲ್ಲೇ ಪಡೆದ ಟಾರ್ಪಾಲು ಅವಳ ಜಮೀನಿನಲ್ಲಿ, ಕೃಷಿಗೇ ಬಳಕೆಯಾಗುತ್ತಿದೆ ಎಂದು ಫೋಟೋ ಸಮೇತ ಖಾತ್ರಿಯಾಗದಿದ್ದರೆ ಅರ್ಜಿ ವಜಾ. ಪೈಪಿಲ್ಲದಿದ್ದರೆ ಶುಂಠಿಯೂ ಇಲ್ಲ. ಹೆಣ್ಣು ಕೊಟ್ಟವರು ಆಗಾಗ ಬಂದು ಮಗಳು ಹೇಗಿದ್ದಾಳೆಂದು ನೋಡಿ ಹೋಗುವುದಿಲ್ಲವೆ? ಸರ್ಕಾರವನ್ನು ಆಕ್ಷೇಪಿಸಲಾರೆ.

ಆದರೆ ನಮ್ಮೂರಿಗೂ ಒಂದು ಪದ್ಧತಿ ಇದೆ. ಯಾರ ಮನೆಯ ಬೀಗರೂಟವಾದರೂ ಊರಿನ ಸಹಾಯಧನದ ಟಾರ್ಪಾಲುಗಳೆಲ್ಲ ಒಂದಾಗಿ ಚಪ್ಪರವಾಗುತ್ತವೆ. ಶಾಮಿಯಾನದವನು ನಮ್ಮೂರ ದಾರಿ ಮರೆತೇ ಬಿಟ್ಟಿದ್ದಾನೆ. ಅಂದು ಊರ ಹಿರಿಯರೊಬ್ಬರು ಮಗನ ಬೀಗರೂಟ ಇಟ್ಟುಕೊಂಡಿದ್ದರು. ರಾಗಿ ಕೊಯ್ದು ಖಾಲಿಯಾಗಿದ್ದ ತನ್ನ ಹೊಲವನ್ನು ತಂಗಿಯೇ ಅದಕ್ಕೆ ಬಿಟ್ಟುಕೊಟ್ಟಿದ್ದಳು. ಅವಳ ಟಾರ್ಪಾಲು ಚಪ್ಪರದ ನಟ್ಟನಡುವೆ ಇತ್ತು.

ಎಂಟು ಗಂಟೆಗೆ ಅಲ್ಲಿದ್ದೆವು. ಅದೊಂದನ್ನು ಬಿಚ್ಚಿಕೊಡಿ ಎಂದೆ. ಹಿರಿಯರು ಸೊಂಟದ ಮೇಲೆ ಕೈಯಿಟ್ಟರು.

“ನಡುವಿಂದು ಬಿಚ್ಚಿದ್ರೆ ಮಿಕ್ಕಿದ್ದೆಲ್ಲ ಜೋತು ಬೀಳ್ತವೆ ಅಮ್ಮಾರೆ. ಒಳೆನರ್ಸೀಪುರದಿಂದ ಎಲ್ಡು ಬಸ್ಸು ಬೀಗ್ರು ಬತ್ತಾವ್ರೆ. ಅವ್ರ ತಲೆಗೆ ಬಿಸ್ಲು ಬಿಟ್ಟು ಮುದ್ದೆ ಇಕ್ಕನಾ?”

“ಅಂಗಾದ್ರೆ ನನ್ ಪೈಪಿಗೆ ನಿನ್ ಬೀಗ್ರು ಸೈನ್ ಆಕ್ತಾರಾ ಮಾವ?” ಎಂದಳು ತಂಗಿ.

ಹಿರಿಯರು ನಡುಗಂಬದ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು. ಟಾರ್ಪಾಲು ಅಲ್ಲೇ ಉಳಿಯಿತು.

ಹನ್ನೊಂದೆಂದ ಅಧಿಕಾರಿ ಹನ್ನೆರಡೂ ಇಪ್ಪತ್ತಕ್ಕೆ ಬೈಕಿನಲ್ಲಿ ಬಂದರು. ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಅಧಿಕಾರಿ ಚಪ್ಪರದ ಕೆಳಗೆ ನಿಂತು ಮೊಬೈಲು ಒತ್ತಿದರು. ಸರ್ವೆ ನಂಬರು ಸರಿಯಾಗಿ ಕೂತಿತು. ಹೊಲ ಅವಳದೇ ತಾನೆ. ಮುಂದಿನ ಪ್ರಶ್ನೆ, ಬಳಕೆಯ ಉದ್ದೇಶ. ಪಟ್ಟಿಯಲ್ಲಿ ಬೆಳೆ ಒಣಗಿಸುವುದು ಇತ್ತು, ಧಾನ್ಯ ಸಂರಕ್ಷಣೆ ಇತ್ತು. ಬೀಗರೂಟ ಇರಲಿಲ್ಲ.

“ಕೆಳಗಡೆ ಧಾನ್ಯ ಕಾಣ್ಬೇಕಲ್ಲಮ್ಮ. ಏನೂ ಇಲ್ದೆ ನಾನು ಹೇಗೆ ಒತ್ತಲಿ?” ಅಧಿಕಾರಿಯ ದನಿ ನಿಜವಾಗಿಯೂ ಬೇಸರದ್ದಾಗಿತ್ತು.

ತಂಗಿ ಒಲೆಯ ಕಡೆ ಓಡಿದಳು. ಮುದ್ದೆಯ ಕುಕ್ಕೆಯನ್ನು ಎತ್ತಿಕೊಂಡು ಬಂದು ತನ್ನ ಟಾರ್ಪಾಲಿನ ಕೆಳಗೆ ನಿಂತಳು.

“ಇದೇ ಒಲದ ರಾಗಿ ಸಾ. ನಾನೇ ಕೊಟ್ಟಿದ್ದು. ಮ್ಯಾಲೆ ಟಾರ್ಪಾಲು ಐತೆ. ಸಂರಕ್ಷಣೆ ಅಂದ್ರೆ ಇನ್ನೇನು?”

“ಬೇಗ ತೆಗೀರಿ ಸಾ, ಆರೋದ್ರೆ ಬೀಗ್ರು ಬಯ್ತಾರೆ,” ಎಂದು ಅಡುಗೆಯವನು ಹಿಂದಿನಿಂದ ಕೂಗಿದ.

ನಾನು ಹಿರಿಯಳೆಂದು ಅಧಿಕಾರಿ ನನ್ನ ಮುಖ ನೋಡಿದರು. ಅರ್ಜಿ ಬರೆಯುವಾಗ ಇಲಾಖೆಯ ಸುತ್ತೋಲೆಯನ್ನು ನಾನು ಎರಡು ಸಲ ಓದಿದ್ದೆ. “ಧಾನ್ಯ ಬೆಂದಿರಬಾರದು ಅಂತ ಎಲ್ಲಿದೆ, ತೋರಿಸಿ,” ಎಂದೆ.

ತೋರಿಸಲಾಗಲಿಲ್ಲ. ಫೋಟೋ ಹೊಡೆದು ‘ಧಾನ್ಯ ಸಂರಕ್ಷಣೆ’ ಒತ್ತಿದರು. ಮೊಬೈಲಿನ ಚಕ್ರ ಸ್ವಲ್ಪ ಹೊತ್ತು ಸುತ್ತಿ ಹಸಿರು ಗುರುತು ಕೊಟ್ಟಿತು. ಸರ್ಕಾರದ ಕಡತದಲ್ಲಿ ಇನ್ನು ಮುಂದೆ ಅವಳು ಆವಿಯ ನಡುವೆ ನಗುತ್ತಾ ನಿಂತಿರುತ್ತಾಳೆ. ಹಿಂದೆ ಬೀಗರ ಕಾಲುಗಳು. ಅಧಿಕಾರಿ ಎರಡನೇ ಪಂಕ್ತಿಯಲ್ಲಿ ಕೂತು, ಸಂರಕ್ಷಿತ ಧಾನ್ಯವನ್ನು ಎರಡು ಸಲ ಹಾಕಿಸಿಕೊಂಡು ಪರಿಶೀಲಿಸಿದರು.

ನಾಲ್ಕೂವರೆಗೆ ಬಸ್ಸುಗಳು ಹೊರಟವು. ಚಪ್ಪರ ಬಿಚ್ಚಿ, ಎಲೆ ತೆಗೆದು, ಹೊಲ ಗುಡಿಸಿದೆವು. ಪೈಪು ಎಲ್ಲಿಂದ ಎಲ್ಲಿಗೆ ಬರಬೇಕೆಂದು ತಂಗಿ ಹೆಜ್ಜೆಯಲ್ಲಿ ಅಳೆದಳು. ಅವಳು ನಿಂತಲ್ಲೆಲ್ಲ ನಾನು ಗೂಟ ಹೊಡೆದೆ. ನಾಲ್ಕನೆಯದು ನೆಲಕ್ಕಿಳಿದಾಗ ಆರೂ ಹತ್ತು.